ಮಂಚವಿದ್ದ ವ್ಯಾನು

ವ್ಯಾನಿನ ಕೆಳಗಿಂದ ಎರಡು ಕಾಲು ಮಾತ್ರ ಹೊರಗೆ ಕಾಣುತ್ತಿದ್ದವು. ವಾಸಪ್ಪ ಬಿದಿರುಮೆಳೆಯ ಪಕ್ಕ ನಿಂತು ಆ ಕಾಲುಗಳನ್ನೇ ನೋಡುತ್ತಿದ್ದ. ರಿಪೇರಿ ಮಾಡುವವನ ಕಾಲೋ, ಮಾಡಿದಂತೆ ನಟಿಸುವವನ ಕಾಲೋ, ಅವನಿಗೆ ಇನ್ನೂ ಬಗೆಹರಿದಿರಲಿಲ್ಲ.

ಹೊಸನಗರದಿಂದ ಹುಂಚಕ್ಕೆ ಹೋಗುವ ರಸ್ತೆಯ ಪಕ್ಕ, ಅವನ ಜಮೀನಿನ ಅಂಚಿನಲ್ಲಿ, ಆ ವ್ಯಾನು ಕೆಟ್ಟು ನಿಂತು ವಾರವಾಗುತ್ತ ಬಂದಿತ್ತು. ಎಂಬತ್ತೆರಡರ ದೀಪಾವಳಿ ಆಗಷ್ಟೇ ಕಳೆದಿತ್ತು. ಹಳೇ ಡೀಸಲ್ ವ್ಯಾನು. ಯಾವುದೋ ಕಂಪನಿಯವರು ಹರಾಜು ಹಾಕಿದ್ದಂತೆ. ಒಳಗೆ ಎದುರುಬದುರು ಎರಡು ಮಂಚ, ಸೀಮೆಎಣ್ಣೆ ಸ್ಟೋವು, ಕಿಟಕಿಗೆ ಹೂವಿನ ಪರದೆ. ಅದರಲ್ಲೇ ಸಂಸಾರ ಹೂಡಿದ್ದವರು ಮುಕುಂದಯ್ಯ, ವರದಮ್ಮ ಎಂಬ ವಯಸ್ಸಾದ ದಂಪತಿ. ಕ್ಷೇತ್ರಗಳನ್ನು ನೋಡಿಕೊಂಡು, ಆಗುಂಬೆ ಘಾಟಿ ಇಳಿದು ಉಡುಪಿಗೆ ಹೋಗುವವರಂತೆ. ಗಾಡಿ ಕೆಟ್ಟು ನಿಂತ ದಿನ ವಾಸಪ್ಪ ಮತ್ತು ಪಕ್ಕದ ಜಮೀನಿನ ಬೆಳ್ಳಪ್ಪ ಸೇರಿ ವ್ಯಾನನ್ನು ರಸ್ತೆಯಿಂದ ಹುಲ್ಲಿನ ಮೇಲಕ್ಕೆ ಸಲೀಸಾಗಿ ತಳ್ಳಿಕೊಟ್ಟಿದ್ದರು.

ಮೆಕ್ಯಾನಿಕ್ಕನ್ನು ಕರೆಸೋಣ ಎಂದರೆ ಮುಕುಂದಯ್ಯ ಒಪ್ಪಲಿಲ್ಲ. "ನನ್ನ ಗಾಡಿ ಬೇರೆಯವರ ಕೈಗೆ ಕೊಡಲ್ಲ," ಅಂದ. ದಿನವೂ ಏನಾದರೊಂದು ಬಿಚ್ಚುತ್ತಿದ್ದ. ಒಂದು ದಿನ ಫಿಲ್ಟರು, ಇನ್ನೊಂದು ದಿನ ಡೀಸಲ್ ಪೈಪು. ಬಿಚ್ಚಿದ್ದನ್ನು ತೊಳೆದು ಗೋಣಿಯ ಮೇಲೆ ಹರಡಿ, ಸಂಜೆಯ ಹೊತ್ತಿಗೆ ಮತ್ತೆ ಜೋಡಿಸುತ್ತಿದ್ದ. ಎಂಜಿನ್ ಒಮ್ಮೆ ಕೆಮ್ಮಿ ಸುಮ್ಮನಾಗುತ್ತಿತ್ತು.

"ಗಂಧದ ಕಳ್ಳರಿರಬೇಕು ಮಾರಾಯ," ಬೆಳ್ಳಪ್ಪ ಹೇಳಿದ. "ಗಾಡಿ ಒಳಗೆ ಮಂಚ ಎಂತಕ್ಕೆ? ಅದರ ಕೆಳಗೆ ಗಂಧ ತುಂಬಕ್ಕೆ. ಫಾರೆಸ್ಟಿನವರಿಗೆ ಒಂದು ಮಾತು ಹೇಳಿ ಬರ್ತೀನಿ."

"ಬೇಡ. ಪಾಪ, ವಯಸ್ಸಾದವರು. ನಾನೇ ನೋಡ್ತೀನಿ."

ನೋಡಿದ. ಬಾಳೆಗೊನೆಯ ಒಂದು ಚಿಪ್ಪು ಕೊಡುವ ನೆಪದಲ್ಲಿ ವ್ಯಾನು ಹತ್ತಿದ. ಅವನ ಕಣ್ಣು ಹೋದ ಕಡೆ ಗಮನಿಸಿ ವರದಮ್ಮ ತಾನೇ ಮಂಚದ ಹಲಗೆ ಎತ್ತಿ ತೋರಿಸಿದಳು. ಜಾಕು, ಸ್ಪ್ಯಾನರುಗಳು, ಒಂದು ಡಬ್ಬ ಡೀಸಲ್. ಉಳಿದದ್ದೆಲ್ಲ ಖಾಲಿ.

"ವಾಸನೆ ಜಾಸ್ತಿ ಅಲ್ವಾ ಅಣ್ಣ? ಡೀಸಲ್ ಇದ್ದ ಕಡೆ ಬೇರೆ ಯಾವ ವಾಸನೇನೂ ಗೊತ್ತಾಗಲ್ಲ."

ಇಳಿಯುವಾಗ ಮುಕುಂದಯ್ಯನ ಕೈಯನ್ನು ದಿಟ್ಟಿಸಿದ. ಉಗುರಿನ ಸಂದಿಗೆಲ್ಲ ಗ್ರೀಸು ಕೂತಿತ್ತು. ನಿನ್ನೆ ಮೊನ್ನೆ ಹತ್ತಿದ ಕಪ್ಪಲ್ಲ ಅದು. ಹಾಗಾದರೆ ಇವನು ವೇಷ ಹಾಕಿ ಬಂದವನಲ್ಲ. ವಾಸಪ್ಪನಿಗೆ ಎದೆಯ ಭಾರ ಅರ್ಧ ಇಳಿಯಿತು.

ಅರ್ಧ ಉಳಿಯಿತು. ಕಳೆ ಕೀಳುವ ನೆಪ, ದನ ಅಟ್ಟುವ ನೆಪ. ದಿನವೂ ಅದೇ ಮೆಳೆಯ ಹತ್ತಿರ ಬಂದು ನಿಲ್ಲುತ್ತಿದ್ದ.

"ವಾಸಪ್ಪನವರೇ, ಬಿಸಿಲಲ್ಲಿ ಆ ಮೆಳೆ ಹತ್ರಾನೇ ನಿಂತಿರ್ತೀರಲ್ಲ," ಮುಕುಂದಯ್ಯ ಕೆಳಗಿಂದಲೇ ಕೂಗಿದ. "ಹಾವು ಗೀವು ಇದ್ದೀತು. ಇತ್ತ ನೆರಳಿಗೆ ಬನ್ನಿ."

"ನನ್ನ ಜಾಗ. ಹಾವೂ ನಂದೇ."

"ಅದೂ ಸರಿ."

ಆವತ್ತು ಅವನು ಹಿಂದಿನ ಚಕ್ರ ಬಿಚ್ಚಿ, ಗಾಡಿಯ ಭಾರ ಹೊರುವ ಕಮಾನು ಪಟ್ಟಾಗಳ ಜೊತೆಗೆ ಇನ್ನೆರಡು ಪಟ್ಟಾ ಸೇರಿಸುತ್ತಿದ್ದ. ಕೆಟ್ಟಿದ್ದು ಎಂಜಿನ್ ಅಲ್ಲವೇ ಎಂದು ವಾಸಪ್ಪ ಕೇಳಿದ.

"ಘಾಟಿ ಇಳಿಯೋ ಗಾಡಿ. ಹಿಂಭಾಗ ಗಟ್ಟಿ ಇರಬೇಕು."

ಮರುದಿನ ಬೆಳಿಗ್ಗೆ ಮುಕುಂದಯ್ಯ ಮನೆಯ ಅಂಗಳಕ್ಕೇ ಬಂದ. ಅಂಗೈಯಲ್ಲಿ ಸವೆದ ತಾಮ್ರದ ವಾಶರು. ಡೀಸಲ್ ಪಂಪಿನಲ್ಲಿ ಗಾಳಿ ಎಳೆಯುತ್ತಿದ್ದದ್ದು ಇದರಿಂದಲೇ, ಹೊಸದೊಂದು ಸಿಕ್ಕರೆ ಇವತ್ತೇ ಹೊರಟೆ ಎಂದ. "ಆದರೆ ಎಲ್ಲಾ ಬಿಚ್ಚಿ ಹರಡಿದೀನಿ. ಇವಳೊಬ್ಬಳನ್ನೇ ಬಿಟ್ಟು ತೀರ್ಥಹಳ್ಳಿಗೆ ಹೋಗೋದು ಹೇಗೆ?"

"ನಾನೇ ತಂದುಕೊಡ್ತೀನಿ."

ಇಷ್ಟು ಸುಲಭಕ್ಕೆ ಶನಿ ತೊಲಗುವುದಾದರೆ ತೀರ್ಥಹಳ್ಳಿಯೇನು, ಮಂಗಳೂರಿಗೂ ಹೋಗಿಬರಲು ವಾಸಪ್ಪ ತಯಾರಿದ್ದ. ಹೆಂಡತಿ ಮಗಳ ಬಾಣಂತನಕ್ಕೆಂದು ಸಾಗರದಲ್ಲಿದ್ದಳು. ಮನೆಗೆ ಬೀಗ ಹಾಕಿದ. ಬೆಳ್ಳಪ್ಪನನ್ನು ಬಿಟ್ಟು ಹೋದರೆ ಅವನು ಫಾರೆಸ್ಟ್ ಆಫೀಸಿಗೆ ಓಡಿಯಾನು. ಪೇಟೆಯಲ್ಲಿ ಕಾಫಿ ಕೊಡಿಸುತ್ತೇನೆಂದು ಅವನನ್ನೂ ಬಸ್ಸು ಹತ್ತಿಸಿಕೊಂಡ.

ವಾಶರು ಹಿಡಿದು ಮರಳಿದಾಗ ಬಿಸಿಲು ಬಾಡುತ್ತಿತ್ತು. ವರದಮ್ಮ ಅಕ್ಕಿ ಆರಿಸುತ್ತ ಕೂತಿದ್ದಳು. ವಾಸಪ್ಪ ದೂರದಿಂದಲೇ ಸುತ್ತ ಕಣ್ಣು ಹಾಯಿಸಿದ. ಎಲ್ಲ ಇದ್ದ ಹಾಗೇ ಇತ್ತು.

ವಾಶರು ಕೂತಿತು. ಮುಕುಂದಯ್ಯ ಕೈಪಂಪು ಒತ್ತಿ ಗಾಳಿ ತೆಗೆದು ಸ್ಟಾರ್ಟ್ ಮಾಡಿದ. ಎಂಜಿನ್ ಒಂದೇ ಸಲಕ್ಕೆ ಶುರುವಾಯಿತು. ಆದರೆ ಹಿಂದಿನ ಚಕ್ರ ಹುಲ್ಲಿನಲ್ಲಿ ಹೂತು ಗಿರ್ರೆಂದು ತಿರುಗಿತು. ವಾಸಪ್ಪ, ಬೆಳ್ಳಪ್ಪ ಹೆಗಲು ಕೊಟ್ಟು ತಳ್ಳಿದರು, ಅಲುಗಲಿಲ್ಲ.

"ನೆಲ ಮೆತ್ತಗಿದೆ," ಅಂದ ಮುಕುಂದಯ್ಯ.

ವಾಸಪ್ಪ ತಡಮಾಡಲಿಲ್ಲ. ಕೊಟ್ಟಿಗೆಯಿಂದ ತನ್ನ ಎತ್ತುಗಳನ್ನು ಹೊಡೆದುಕೊಂಡು ಬಂದು, ಹಗ್ಗ ಬಿಗಿದು, ವ್ಯಾನನ್ನು ರಸ್ತೆಗೆ ಎಳೆಸಿದ. ವರದಮ್ಮ ಪರದೆ ಸರಿಸಿ ಕೈ ಮುಗಿದಳು.

"ನಿಮ್ಮ ಉಪಕಾರ ಮರೆಯೋ ಹಾಗಿಲ್ಲ ಅಣ್ಣ."

ಹೊಗೆ ಬಿಡುತ್ತ ವ್ಯಾನು ತಿರುವು ದಾಟಿತು. ಅದರ ಸದ್ದು ಪೂರ್ತಿ ಅಡಗುವವರೆಗೂ ವಾಸಪ್ಪ ನಿಂತಲ್ಲೇ ನಿಂತಿದ್ದ. ಆಮೇಲೆ ಮೆಳೆಯೊಳಗೆ ನುಗ್ಗಿ ತರಗೆಲೆ ಕೆದರಿದ. ಕೆದರುತ್ತಲೇ ಇದ್ದ. ಕೊನೆಗೆ ಬರಿಗೈಯಲ್ಲೇ ಮಣ್ಣು ತೋಡಿ ನೋಡಿದ.

"ಎಂತಾಯ್ತು ಮಾರಾಯ?" ಬೆಳ್ಳಪ್ಪ ರಸ್ತೆಯಿಂದ ಕೇಳಿದ. "ಏನಾದ್ರೂ ಹೊತ್ಕೊಂಡು ಹೋದ್ರಾ? ಈಗಲೇ ಹೇಳು. ಆಗುಂಬೆ ದಾಟೋದ್ರೊಳಗೆ ಪೊಲೀಸರು ಹಿಡೀತಾರೆ."

"ಏನೂ ಹೋಗಿಲ್ಲ," ಅಂದ ವಾಸಪ್ಪ.

ಸರ್ಕಾರದ ಕಾಡಿನಿಂದ ತಾನೇ ಕಡಿದು ತಂದು, ತಕ್ಕ ಗಿರಾಕಿಗಾಗಿ ಕಾದು ಹೂತಿಟ್ಟಿದ್ದ ಗಂಧದ ತುಂಡುಗಳು ಕಳುವಾದವೆಂದು ಯಾವ ಬಾಯಿಂದ ಹೇಳುವುದು?