ಅಪ್ಪನ ರುಮಾಲು

ಸೋದರಮಾವ ಈರಪ್ಪ ತಂದಿದ್ದ ನಿಶ್ಚಯದ ಸೀರೆಯ ಮೇಲೆ ರೇವವ್ವ ನೋಟಿನ ಕಂತೆ ಇಟ್ಟು, ಎರಡನ್ನೂ ಅವನತ್ತಲೇ ಸರಿಸಿದಳು. ಊರ ಹೆಣ್ಣುಮಕ್ಕಳ ಜಂಪರು ಹೊಲಿದು ಕೂಡಿಸಿದ ಹಣ ಅದು. ಈರಪ್ಪ ಅಪ್ಪನಿಗೆ ಕೊಟ್ಟ ಸಾಲ ತೀರುವಂಥದ್ದಲ್ಲ, ಹುಡುಗಿ ಹೇಗೂ ಅವನ ಮನೆಗೇ ಬರುತ್ತಾಳೆ ಎಂದು ಬಳಗವೆಲ್ಲ ನಂಬಿ ಕುಳಿತಿತ್ತು.

"ಬಡ್ಡಿ ಸುದ್ದಾ ಐತ್ರಿ ಮಾಮಾ. ಸೀರೀನೂ ಒಯ್ರಿ."

"ನನ್ನ ಬಿಟ್ಟು ಯಾರ ಮನಿಗೆ ಹೋಗ್ತಿ ಬೇ?"

"ಅದನ್ನ ಇನ್ನ ಮ್ಯಾಲೆ ನಾ ಹೇಳತೇನ್ರಿ."

ಅಪ್ಪ ಶಂಭುಲಿಂಗಪ್ಪ ಕಂಬಕ್ಕೊರಗಿ ತಲೆ ತಗ್ಗಿಸಿ ಕೂತಿದ್ದ. ಈ ಸಾಲ ಮುಟ್ಟುವತನಕ ರುಮಾಲು ಸುತ್ತುವುದಿಲ್ಲ ಎಂದು ಆಣೆ ಮಾಡಿದ ಮನುಷ್ಯ, ಸಂತೆಗೂ ಮದುವೆ ಮನೆಗಳಿಗೂ ಬರಿತಲೆಯಲ್ಲೇ ಹೋಗಿ ಬರುತ್ತಿದ್ದ. ರೇವವ್ವ ಗೂಟಕ್ಕೆ ತೂಗುಹಾಕಿದ್ದ ರುಮಾಲು ತೆಗೆದು, ಧೂಳು ಕೊಡವಿ, ತಾನೇ ಅವನ ತಲೆಗೆ ಸುತ್ತತೊಡಗಿದಳು. ಮೊದಲ ಸುತ್ತೇ ಜಾರಿತು.

"ತಲಿ ಎತ್ತಪಾ. ಬಗ್ಗಿಸಿದ್ರ ಸರಿ ಕೂಡೂದಿಲ್ಲ."

ಶಂಭುಲಿಂಗಪ್ಪ ತಲೆ ಎತ್ತಿದ. ಎಷ್ಟೋ ವರ್ಷಗಳ ಮೇಲೆ ಈರಪ್ಪನ ಕಣ್ಣಲ್ಲಿ ಕಣ್ಣಿಟ್ಟು ನೋಡುತ್ತ, ಮಗಳಿಗೆ ಹೇಳಿದ:

"ಬಿಗಿಯಾಗಿ ಸುತ್ತವಾ."