ಫ್ಯೂಸಿಗೆ ಸುತ್ತಿದ ಬೆಳ್ಳಿ ಕಾಗದ

ತಂದೆಯವರ ಟೆಂಪೊ ಸುಟ್ಟ ಅಪವಾದವನ್ನು ಚಿಕ್ಕಪ್ಪ ನನ್ನ ತಲೆಗೆ ಕಟ್ಟಿದರು. ವೈರು ಸುಟ್ಟ ವಾಸನೆ ಬಂದರೆ ಇಂದಿಗೂ ಯಲಹಂಕದ ಆ ಮಧ್ಯಾಹ್ನ ನನ್ನೆದುರು ನಿಲ್ಲುತ್ತದೆ.

ಆಯುಧಪೂಜೆಗೆಂದು ಚಿಕ್ಕಪ್ಪ ಟೆಂಪೊವಿನ ಹಿಂಬದಿ ದೀಪದ ವೈರು ಸುಲಿದು ಸೀರಿಯಲ್ ಸೆಟ್ ಕಟ್ಟಿದ್ದರು. ಅದನ್ನು ಬಿಚ್ಚಿದ ಮೇಲೆ ಬರಿಯ ತಂತಿಗೆ ಟೇಪು ಸುತ್ತಲಿಲ್ಲ. ಅದು ತಗಡಿಗೆ ತಾಗಿ ಫ್ಯೂಸು ಮತ್ತೆ ಮತ್ತೆ ಹಾರಿತು. ಇನ್ನು ಹಾರದಿರಲೆಂದು ಅವರು ಫ್ಯೂಸಿಗೆ ಸಿಗರೇಟು ಪ್ಯಾಕಿನ ಬೆಳ್ಳಿ ಕಾಗದ ಸುತ್ತಿದರು.

"ಚಿಕ್ಕಪ್ಪ, ಹಿಂದ್ಗಡೆ ವೈರು ತಗಡಿಗೆ ತಾಗ್ತಿದೆ," ಎಂದೆ.

"ಸುಮ್ನೆ ಕೂತ್ಕೊಳ್ಳೇ, ದೊಡ್ಡ ಮೆಕ್ಯಾನಿಕ್ ಬಂದ್ಲು!"

ಅವರು ದೀಪದ ಸ್ವಿಚ್ ಒತ್ತಿದೊಡನೆ ಹೊಗೆ ಎದ್ದಿತು, ಬೆಂಕಿ ಹತ್ತಿತು. ತಂದೆ ಓಡಿಬಂದರು.

"ಇವ್ಳೇ ಸ್ವಿಚ್ ಜೊತೆ ಆಡ್ತಿದ್ಲು ಕಣಣ್ಣ," ಎಂದರು ಚಿಕ್ಕಪ್ಪ.

"ಯಾಕಮ್ಮಾ ಹಿಂಗ್ಮಾಡ್ದೆ?" ಎಂದಷ್ಟೇ ಕೇಳಿದ ತಂದೆ, ನನ್ನ ಉತ್ತರಕ್ಕೆ ಕಾಯಲಿಲ್ಲ. ಕೊನೆಯುಸಿರಿನವರೆಗೂ ನನ್ನೆದುರು ಆ ಟೆಂಪೊವಿನ ಮಾತೆತ್ತಲಿಲ್ಲ.

ಚಿಕ್ಕಪ್ಪ, ತಂದೆ ಬದುಕಿದ್ದಾಗ ಒಂದು ದಿನವಾದರೂ ನಿಜ ಹೇಳಲು ನಿಮಗೆ ಬಾಯಿ ಬರಲಿಲ್ಲವೇ?