ನೀಲಿ ನೀರು

ನೀಲಿ ಪುಡಿ ಕದಡಿದ ಬಕೆಟ್ ಹಿಡಿದು ಸಾಯಿರಾ ಬಚ್ಚಲಲ್ಲಿ ನಿಂತೇ ಇದ್ದಳು. ಕೆಳಗಿನ ಅಡುಗೆಮನೆ ಸೋರುವುದು ಇವಳ ಬಚ್ಚಲಿನಿಂದಲೇ ಎಂದು ಮನೆಯೊಡತಿ ಉಮಾದೇವಿಯ ಹಟ. ಇದನ್ನು ಬಚ್ಚಲಿಗೆ ಸುರಿದಾಗ ಅಲ್ಲಿ ನೀಲಿ ಹನಿ ಬಿದ್ದರೆ ಮನೆ ಬಿಡಬೇಕು. ವಾಡಿಯಂಥ ಊರಲ್ಲಿ ಇನ್ನೊಂದು ಬಾಡಿಗೆ ಮನೆ ಅಷ್ಟು ಸುಲಭಕ್ಕೆ ಸಿಗುವುದೇ? ಕಿಟಕಿಯಾಚೆ ಚೆಲ್ಲಿಬಿಟ್ಟರೆ ಯಾರಿಗೆ ಗೊತ್ತಾದೀತು?

"ಸುರುವಿದೇನ ಬೇಟಿ?" ಕೆಳಗಿನಿಂದ ಪ್ಲಂಬರ್ ನಬೀಸಾಬ್ ಕೂಗಿದ. ಸಾಯಿರಾ ಬಕೆಟ್ಟನ್ನು ಬಚ್ಚಲಲ್ಲೇ ಬಗ್ಗಿಸಿದಳು. ಫರಸಿಕಲ್ಲಿನ ನೆಲದ ಮೇಲೆ ನಿಂತ ನೀರನ್ನೂ ಕೈಯಿಂದಲೇ ಮೋರಿಗೆ ತಳ್ಳಿದಳು.

ಅವಳು ಇಳಿದು ಬಂದಾಗ ಅಡುಗೆಮನೆಯ ಛಾವಣಿಯಿಂದ ಬಿಳಿ ಬಟ್ಟಲಿಗೆ ಬೀಳುತ್ತಿದ್ದ ಹನಿಗಳ ಮೇಲೇ ಉಮಾದೇವಿ, ನಬೀಸಾಬ್ ಇಬ್ಬರ ಕಣ್ಣು. ಎಷ್ಟು ಕಾದರೂ ನೀರಿಗೆ ಬಣ್ಣ ಬರಲಿಲ್ಲ.

"ಈಕಿ ನೀಲಿ ಹಾಕೇ ಇಲ್ಲ, ಸುಳ್ಳ ಹೇಳಾಕತ್ತಾಳ," ಎಂದಳು ಉಮಾದೇವಿ.

ಸಾಯಿರಾ ನೀಲಿಗಟ್ಟಿದ ಎರಡೂ ಅಂಗೈ ಚಾಚಿದಳು. ನಬೀಸಾಬ್ ಛಾವಣಿಯೊಳಗಿಂದ ಉಮಾದೇವಿಯ ಅಡುಗೆಮನೆಗೇ ಬರುವ ಪೈಪಿನ ವಾಲ್ವ್ ಬಂದ್ ಮಾಡಿದ. ನಿಧಾನಕ್ಕೆ ಹನಿ ನಿಂತಿತು.

"ನಿಮ್ಮ ಪೈಪೇ ಒಡದದ ನೋಡ್ರಿ ಅಕ್ಕಾರ."

ಸಾಯಿರಾ ಸರಸರ ಮೆಟ್ಟಿಲು ಹತ್ತಿದಳು. ಕೆಳಗೆ ಸೋರೀತೆಂದು ಇಷ್ಟು ದಿನ ಒದ್ದೆ ಬಟ್ಟೆಯಲ್ಲಿ ಮೈ ಒರೆಸಿಕೊಂಡೇ ಇದ್ದವಳು, ಬಕೆಟ್ ತುಂಬಿಸಿ, ಕೆಳಗಿನವರಿಗೆ ಕೇಳುವಂತೆ ಒಮ್ಮೆಲೇ ತಲೆಯ ಮೇಲೆ ಸುರಿದುಕೊಂಡಳು.